ಮೊಮ್ಮಗಳ ಆಟದಲ್ಲಿ ತಾತನ ದೆವ್ವ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಸಿ ಕಳೆದ ಬೇಸಿಗೆ ರಜೆಗೆ ರಾಮನಗರಕ್ಕೆ ಬಂದ ಮೊಮ್ಮಗಳು ಪುಟ್ಟಿ ಬ್ಯಾಗಿನಿಂದ ಮೊದಲು ಹೊರತೆಗೆದದ್ದು ಬಟ್ಟೆಯಲ್ಲ, ಲ್ಯಾಪ್‌ಟಾಪ್.

"ತಾತ, ಈ ರಜೇಲಿ ನಾನೊಂದು ಹಾರರ್ ಗೇಮ್ ಮಾಡ್ತೀನಿ. ನೀನು ಹೆಲ್ಪ್ ಮಾಡ್ಬೇಕು."

"ನಾನು ಬಿ.ಕಾಂ. ಕಣಮ್ಮ. ಬಡ್ಡಿ ಲೆಕ್ಕ ಬೇಕಾದ್ರೆ ಹೇಳ್ಕೊಡ್ತೀನಿ," ಅಂದೆ.

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕಪ್ಪು ಪರದೆ, ಹಸಿರು ಅಕ್ಷರ. 'ನೀವು ಒಂದು ಕತ್ತಲೆ ಕೋಣೆಯಲ್ಲಿದ್ದೀರಿ. ಏನು ಮಾಡುತ್ತೀರಿ?' ಅಷ್ಟೇ. ಕೆಳಗೆ ಒಂದು ಸಣ್ಣ ಚೌಕ ಮಿಣಮಿಣ ಎನ್ನುತ್ತಿತ್ತು. ಚಿತ್ರವಿಲ್ಲ, ಸದ್ದಿಲ್ಲ. ಆಡುವವನು ಅಕ್ಷರದಲ್ಲಿ ಉತ್ತರ ಟೈಪ್ ಮಾಡಬೇಕು, ಯಂತ್ರ ಅಕ್ಷರದಲ್ಲೇ ಮುಂದಿನದನ್ನು ಹೇಳುತ್ತದೆ.

ಆ ಹಸಿರು ಅಕ್ಷರ ನನಗೆ ಹೊಸದಲ್ಲ. ರಿಸರ್ವ್ ಬ್ಯಾಂಕ್ ನೇಮಿಸಿದ್ದ ಡಾ. ಸಿ. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಬ್ಯಾಂಕುಗಳಿಗೆ ಒಂದೊಂದಾಗಿ ಯಂತ್ರಗಳು ಬಂದವು. 'ಕಂಪ್ಯೂಟರ್ ಬೇಡ' ಎಂದು ಬಾವುಟ ಹಿಡಿದು ಕೂಗಿದವರಲ್ಲಿ ನಾನೂ ಒಬ್ಬ. ಆಮೇಲೆ ಅದೇ ಯಂತ್ರದ ಮುಂದೆ ಕೂತು ಲೆಡ್ಜರ್ ಪೋಸ್ಟಿಂಗ್ ಮಾಡಿ ಕನ್ನಡಕದ ನಂಬರು ಏರಿಸಿಕೊಂಡೆ. ಮೊಮ್ಮಕ್ಕಳ ಕಾಲದಲ್ಲಿ ಅದಕ್ಕೆ 'ರೆಟ್ರೋ' ಎಂಬ ಹೆಸರು ಬಂದು ಅದೊಂದು ಶೋಕಿಯಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು!

ಇಂಥ ಆಟಗಳ ಹುಟ್ಟಿನ ಕಥೆಯನ್ನು ಪುಟ್ಟಿಯೇ ಹೇಳಿದಳು. ಅಮೆರಿಕದಲ್ಲಿ ವಿಲ್ ಕ್ರೌದರ್ ಎಂಬ ಪ್ರೋಗ್ರಾಮರ್ ಇದ್ದ. ಇವತ್ತಿನ ಇಂಟರ್ನೆಟ್ಟಿಗೆ ತಾಯಿಬೇರಾದ ಆರ್ಪಾನೆಟ್ ಜಾಲಕ್ಕೆ ಕೆಲಸ ಮಾಡಿದವನು. ಅವನ ಹವ್ಯಾಸ ಗುಹೆ ಹೊಕ್ಕುವುದು. ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಯ ನಕ್ಷೆ ಮಾಡಿದವರಲ್ಲಿ ಅವನೂ ಅವನ ಹೆಂಡತಿಯೂ ಇದ್ದರು. ಆಮೇಲೆ ಗಂಡ ಹೆಂಡತಿ ಬೇರೆಯಾದರು. ಹೆಣ್ಣುಮಕ್ಕಳು ತನ್ನ ಬಳಿ ಬಂದಾಗ ಅವರಿಗೆ ಆಡಲು ಏನಾದರೂ ಇರಲಿ ಎಂದು 1975-76ರಲ್ಲಿ ಅವನು ಆ ಗುಹೆಯನ್ನೇ ಅಕ್ಷರದ ಆಟ ಮಾಡಿದ. 1977ರಲ್ಲಿ ಡಾನ್ ವುಡ್ಸ್ ಎಂಬಾತ ಅದನ್ನು ಬೆಳೆಸಿದ. ಅದೇ 'ಕೊಲೋಸಲ್ ಕೇವ್ ಅಡ್ವೆಂಚರ್'. ಹತ್ತು ವರ್ಷದ ಮೇಲೆ, 1987ರಲ್ಲಿ, ಇನ್ಫೋಕಾಮ್ ಕಂಪನಿ 'ದಿ ಲರ್ಕಿಂಗ್ ಹಾರರ್' ಎಂಬ ಹೆದರಿಸುವ ಅಕ್ಷರದಾಟವನ್ನು ತಂದಿತು.

"ಚಿತ್ರ ಇಲ್ಲದೆ ಭಯ ಹೇಗೆ ಆಗುತ್ತೆ?" ಅಂದೆ.

"ಚಿತ್ರ ಇದ್ರೆ ಅವರು ತೋರಿಸಿದ ದೆವ್ವ ಕಾಣುತ್ತೆ ತಾತ. ಇಲ್ಲದಿದ್ರೆ ನಿನ್ನ ದೆವ್ವಾನೇ ಕಾಣುತ್ತೆ."

ಹುಡುಗಿ ಏನೋ ಹೇಳಿಬಿಟ್ಟಳು. ಅದು ನನ್ನ ಪಾಲಿಗೆ ಎಷ್ಟು ನಿಜವೆಂದು ಆಗ ನನಗೆ ತಿಳಿದಿರಲಿಲ್ಲ.

ಅವಳ ಮೊದಲ ಪ್ರಯತ್ನ 'ಶೋಲೆ'ಯ ಬೆಟ್ಟದಲ್ಲಿ ನಡೆಯುತ್ತಿತ್ತು. 1975ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಇಲ್ಲಿನ ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಹಳ್ಳಿಯನ್ನೇ ಕಟ್ಟಿದ್ದರು. ರಾತ್ರಿ, ಬಂಡೆ, ರಣಹದ್ದು, ಬಿಳಿ ಸೀರೆ ಎಲ್ಲ ಹಾಕಿದ್ದಳು. ಆಡಿ ನೋಡಿದೆ. ಹೆದರಿಕೆ ಬರಲಿಲ್ಲ, ಆಕಳಿಕೆ ಬಂತು. ಎರಡನೆಯ ಸಲ ಮಾಗಡಿಯ ಸಾವನದುರ್ಗಕ್ಕೆ ಕರೆದುಕೊಂಡು ಹೋದಳು. ಅಲ್ಲೂ ಅಷ್ಟೆ.

"ಕ್ರೌದರ್‌ಗೆ ಅವನ ಗುಹೆಯ ಒಂದೊಂದು ತಿರುವೂ ಗೊತ್ತಿತ್ತು. ನೀನು ರಾತ್ರಿ ಹೊತ್ತು ಬೆಟ್ಟ ಹತ್ತಿದವಳೇ ಅಲ್ಲ," ಅಂದೆ. "ಗೊತ್ತಿರೋ ಜಾಗ ಬರಿ. ಈ ಊರ ಭಯವನ್ನೇ ಬರಿ." ಹಾಗೆಂದು 'ನಾಳೆ ಬಾ' ಕಥೆ ಹೇಳಿದೆ.

ಈ ಪತ್ರಿಕೆಯನ್ನು ಮಕ್ಕಳಿಗೆ ಓದಿಹೇಳುವ ಅಪ್ಪ ಅಮ್ಮಂದಿರಿಗೆ ಅದು ನೆನಪಿರಬಹುದು. 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ನಮ್ಮ ಕಡೆಯ ಹಳ್ಳಿಗಳವರೆಗೆ ಹಬ್ಬಿದ ಸುದ್ದಿ ಅದು. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಎನ್ನುತ್ತಿದ್ದರು. ಅದಕ್ಕೆ ಜನ ಕಂಡುಕೊಂಡ ಉಪಾಯ, ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಓದುತ್ತದೆ, ಹಿಂದಿರುಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಎರಡು ಪದ. ನಮ್ಮ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದವಳು ಪುಟ್ಟಿಯ ತಾಯಿಯೇ. ಅಳಿಸಲು ಹೋದರೆ ಅತ್ತಳು ಎಂದು ಹಾಗೇ ಬಿಟ್ಟಿದ್ದೆವು.

ಪುಟ್ಟಿ ಚಪ್ಪಾಳೆ ತಟ್ಟಿದಳು. "ತಾತ, ಆ ದೆವ್ವಕ್ಕೆ ಕನ್ನಡ ಓದಕ್ಕೆ ಬರುತ್ತೆ! ಬರೆದಿದ್ದನ್ನ ಹಾಗೇ ಪಾಲಿಸುತ್ತೆ! ಅದು ದೆವ್ವ ಅಲ್ಲ, ಪ್ರೋಗ್ರಾಮ್. ಪಕ್ಕಾ ಲೂಪ್." ಆಟದ ಹೆಸರು 'ನಾಳೆ ಬಾ' ಎಂದು ಅಲ್ಲೇ ತೀರ್ಮಾನವಾಯಿತು. ಆಮೇಲೆ ಕೇಳಿದಳು: "ನಿಂಗೆ ತುಂಬಾ ಭಯ ಆಗಿದ್ದು ಯಾವಾಗ ತಾತ?"

ಯೋಚಿಸಬೇಕಾಗಲಿಲ್ಲ. "1986ರಲ್ಲಿ. ಒಂದು ಸಂಜೆ ಕ್ಯಾಷ್ ಟ್ಯಾಲಿ ಆಗಲಿಲ್ಲ," ಅಂದೆ.

ನಾನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಊರುಗಳಲ್ಲಿ ಕೆಲಸ ಮಾಡಿದವನು. 2007ರಲ್ಲಿ ಈ ನಾಲ್ಕು ತಾಲ್ಲೂಕು ಸೇರಿ ಒಂದು ಜಿಲ್ಲೆಯಾಗುವ ಮೊದಲೇ ನನ್ನ ವರ್ಗಾವಣೆ ಆದೇಶಗಳು ಅವನ್ನು ಒಂದು ಮಾಡಿದ್ದವು. ಇದು ನಡೆದದ್ದು ಯಾವ ಊರಿನಲ್ಲಿ, ಯಾವ ಬ್ಯಾಂಕಿನಲ್ಲಿ ಎಂದು ಹೇಳುವುದಿಲ್ಲ. ರೇಷ್ಮೆ ಗೂಡಿನ ವ್ಯಾಪಾರದ ದುಡ್ಡು ಹರಿದಾಡುತ್ತಿದ್ದ ಶಾಖೆ. ನಾನು ಕ್ಯಾಷಿಯರ್. 100 ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್. ಆ ಸಂಜೆ 50 ರೂಪಾಯಿಯ ಒಂದು ಪ್ಯಾಕೆಟ್ ಕಡಿಮೆ ಬಂತು. 5,000 ರೂಪಾಯಿ! ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಕಡಿಮೆ ಬಿದ್ದರೆ ಕ್ಯಾಷಿಯರ್ ಕೈಯಿಂದ ತುಂಬಬೇಕು. ನಾಲ್ಕು ಸಲ ಎಣಿಸಿದೆ. ಎಣಿಸಿದಷ್ಟೂ ಕೈ ನಡುಗುತ್ತಿತ್ತು.

"ಇದೇ ತಾತ! ಇದೇ ಆಟ!" ಎಂದು ಪುಟ್ಟಿ ಕುಣಿದಳು. ಕಥೆಯಲ್ಲಿ ಅರ್ಧವನ್ನಷ್ಟೇ ಹೇಳಿದ್ದೆ. ಉಳಿದರ್ಧ ನಾಳೆ ನೋಡೋಣ ಎಂದುಕೊಂಡೆ.

ನಕ್ಷೆಯ ಕೆಲಸ ನನ್ನದಾಯಿತು. ಹಳೆಯ ಲೆಡ್ಜರ್ ಪುಸ್ತಕ ತೆಗೆದು ಒಂದೊಂದು ಕೋಣೆಗೆ ಒಂದೊಂದು ಪುಟ ಕೊಟ್ಟೆ. ತಂತಿ ಬಲೆಯ ಕ್ಯಾಷ್ ಕ್ಯಾಬಿನ್, ಮ್ಯಾನೇಜರ್ ಕೋಣೆ, ಹಳೇ ವೋಚರ್ ಪೇರಿಸಿದ ರೆಕಾರ್ಡ್ ರೂಮ್, ಎರಡು ಕೀಲಿ ಸೇರಿದರೆ ಮಾತ್ರ ತೆರೆಯುವ ಸ್ಟ್ರಾಂಗ್ ರೂಮ್, ಹಿತ್ತಲ ಬಾಗಿಲು. ಕ್ಯಾಬಿನ್ನಿನಿಂದ ರೆಕಾರ್ಡ್ ರೂಮಿಗೆ ದಾರಿ ಬರೆದರೆ, ರೆಕಾರ್ಡ್ ರೂಮಿನ ಪುಟದಲ್ಲಿ ಕ್ಯಾಬಿನ್ನಿಗೆ ವಾಪಸು ದಾರಿ ಬರೆಯಲೇಬೇಕು. ಅಪ್ಪಟ ಡೆಬಿಟ್-ಕ್ರೆಡಿಟ್! ಪುಟ್ಟಿಯ ಪ್ರೋಗ್ರಾಮ್ ತಾಳೆ ನೋಡಿದಾಗ ಒಂದು ಬಾಗಿಲಿಗೆ ವಾಪಸು ದಾರಿಯೇ ಇರಲಿಲ್ಲ. ಸರಿಪಡಿಸಲು ಹೋದೆ. "ಇರಲಿ ಬಿಡು ತಾತ. ಒಳಗೆ ಹೋದವರು ತಿರುಗಿ ನೋಡಿದ್ರೆ ಬಾಗಿಲೇ ಇರಲ್ಲ. ಅದೇ ಹಾರರ್," ಅಂದಳು. ಲೆಕ್ಕ ತಾಳೆಯಾಗದಿದ್ದರೆ ಭಯ ಎಂಬ ಸೂತ್ರ ಬ್ಯಾಂಕಿಗೂ ದೆವ್ವಕ್ಕೂ ಒಂದೇ.

ಕನ್ನಡ ಸುಲಭಕ್ಕೆ ಬಗ್ಗಲಿಲ್ಲ. ಯಂತ್ರದ ಕಪ್ಪು ಕಿಟಕಿಯಲ್ಲಿ ಒತ್ತಕ್ಷರ ಒಡೆದು ಬರುತ್ತಿತ್ತೆಂದು ಅವಳು ಆಟವನ್ನು ಬ್ರೌಸರಿನಲ್ಲಿ ತೆರೆಯುವ ಪುಟವಾಗಿ ಬರೆದಳು. ಅಕ್ಷರಗಳು ಒಂದೊಂದಾಗಿ ಮೂಡಲಿ ಎಂದರೆ ಇನ್ನೊಂದು ಮೋಜು. 'ಕ್ಯಾಷ್' ನಮಗೆ ಎರಡಕ್ಷರ, ಯಂತ್ರಕ್ಕೆ ಆರು. ಮೊದಲು ಕ, ಆಮೇಲೆ ಅದು ಕ್, ಆಮೇಲೆ ಕ್ಯ, ಆಮೇಲೆ ಕ್ಯಾ ಎಂದು ಕಣ್ಣೆದುರೇ ರೂಪ ಬದಲಿಸುತ್ತಿತ್ತು. ದೆವ್ವಕ್ಕೆ ಇದೇ ಸರಿ ಎಂದು ಹಾಗೇ ಬಿಟ್ಟೆವು.

ಇಂಗ್ಲಿಷಿನ ಆಟಗಳಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ವಸ್ತು ಆಮೇಲೆ. ನಮ್ಮಲ್ಲಿ 'ಕೀಲಿ ತಗೋ', ಕ್ರಿಯಾಪದ ಕೊನೆಗೆ. ಅದಕ್ಕೆ ಪುಟ್ಟಿ ಕೊನೆಯ ಪದವನ್ನು ಮೊದಲು ಓದುವಂತೆ ಬರೆದಳು. ಆದರೆ ಒಬ್ಬರು 'ತಗೋ' ಅನ್ನುತ್ತಾರೆ, ಇನ್ನೊಬ್ಬರು 'ತೆಗೆದುಕೋ', ಮತ್ತೊಬ್ಬರು 'ತಗೊಳ್ಳಿ', 'ಎತ್ತಿಕೋ'. ಇವನ್ನೆಲ್ಲ ಪಟ್ಟಿ ಮಾಡುವುದು ನನ್ನ ಕೆಲಸ. ಲೆಡ್ಜರಿನ ಹನ್ನೆರಡು ಪುಟ ತುಂಬಿತು. 'ತೆಗೆ' ಎಂಬ ಪದವಂತೂ ನಮ್ಮ ಮಾನ ತೆಗೆಯಿತು. 'ಬಾಗಿಲು ತೆಗೆ' ಎಂದು ಟೈಪ್ ಮಾಡಿದರೆ ಯಂತ್ರ, 'ಬಾಗಿಲನ್ನು ಚೀಲಕ್ಕೆ ಹಾಕಿಕೊಂಡಿರಿ' ಎಂದು ಉತ್ತರಿಸಿತು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಆದರೆ ಕನ್ನಡ ನಮಗೊಂದು ಉಡುಗೊರೆಯನ್ನೂ ಕೊಟ್ಟಿತು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ'. ನಮ್ಮಲ್ಲಿ ನೀವು ಇದೆ, ನೀನು ಇದೆ. ಆಟ ಶುರುವಾದಾಗ ಯಂತ್ರ ಬಹಳ ಮರ್ಯಾದೆಯಿಂದ, 'ನೀವು ಎಣಿಸಿದಿರಿ. ಒಂದು ಕಡಿಮೆ ಇದೆ' ಎನ್ನುತ್ತದೆ. ಇನ್ನೊಮ್ಮೆ 'ಎಣಿಸು' ಎಂದರೆ, 'ಒಂದು ಕಡಿಮೆ ಇದೆ. ಹೊರಗೆ ಯಾರೋ ಕೆಮ್ಮಿದರು.' ಗೋಡೆ ಗಡಿಯಾರ ನೋಡಿದರೆ ಯಾವಾಗಲೂ ಆರೂ ನಲವತ್ತು. ಐದನೆಯ ಸಲ ಎಣಿಸಿದಾಗ ಏನೂ ಸೂಚನೆಯಿಲ್ಲದೆ, 'ನೀನು ಎಣಿಸಿದೆ' ಎಂದು ಬರುತ್ತದೆ. ಅಷ್ಟೇ ಬದಲಾವಣೆ. ಬರೆದವನು ನಾನೇ ಆದರೂ ರಾತ್ರಿ ದೀಪ ಆರಿಸಿ ಆಡಿದಾಗ ಬೆನ್ನು ತಣ್ಣಗಾಯಿತು.

ಪರೀಕ್ಷೆಗೆ ನನ್ನ ಹೆಂಡತಿಯನ್ನು ಕೂರಿಸಿದೆವು. ಅವಳಿಗೆ 1986ರ ಆ ಸಂಜೆ ಗೊತ್ತು. ತುಂಬಬೇಕಾದ ಹಣಕ್ಕೆ ಅವಳ ಬಳೆಗಳನ್ನೇ ಅಡವಿಟ್ಟಿದ್ದೆ. ಆಟದಲ್ಲಿ ಅಟೆಂಡರ್ ಒಬ್ಬ ಟೀ ತಂದಿಟ್ಟು ಹೋಗುತ್ತಾನೆ. ಅವಳು ಎರಡು ಬೆರಳಲ್ಲಿ ನಿಧಾನವಾಗಿ ಟೈಪ್ ಮಾಡಿದಳು: 'ಅಟೆಂಡರನ್ನು ಕೇಳು'.

ಯಂತ್ರ ಹೇಳಿತು: 'ಅರ್ಥವಾಗಲಿಲ್ಲ.'

"ಯಾಕ್ರೀ? ಅಷ್ಟು ಹೊತ್ತಿಂದ ಅಲ್ಲೇ ಓಡಾಡ್ತಿದಾನಲ್ಲ, ಅವನ ಹತ್ರ ಮಾತಾಡಕ್ಕೆ ಆಗಲ್ವಾ?" ಎಂದು ಕೇಳಿದಳು. ಪುಟ್ಟಿಯೂ ನನ್ನ ಮುಖ ನೋಡಿದಳು. ಆ ಕ್ರಿಯಾಪದವನ್ನು ಪಟ್ಟಿಯಲ್ಲಿ ಬರೆದಿರಲಿಲ್ಲ. ಮರೆತು ಬಿಟ್ಟದ್ದಲ್ಲ ಅದು.

ಉಳಿದರ್ಧ ಹೇಳಿದೆ. ಆ ಸಂಜೆ ಮ್ಯಾನೇಜರ್, "ಕ್ಯಾಬಿನ್ ಒಳಗೆ ಯಾರು ಬಂದಿದ್ರು?" ಎಂದು ಕೇಳಿದ್ದರು. "ಟೀ ಕೊಡೋಕೆ ಇವನೊಬ್ಬ ಬಂದಿದ್ದ ಸಾರ್," ಎಂದಿದ್ದೆ. ಸುಳ್ಳಲ್ಲ. ಅವನು ತೆಗೆದಿದ್ದಾನೆಂದು ನಾನು ಹೇಳಲೂ ಇಲ್ಲ. ಆದರೆ ಆ ಮಾತು ಯಾವ ಕಡೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಎಲ್ಲರ ಮುಂದೆ ಅವನ ಚೀಲ ಕೊಡವಿಸಿದರು, ಊಟದ ಡಬ್ಬಿ ಬಿಚ್ಚಿಸಿದರು. ಏನೂ ಸಿಗಲಿಲ್ಲ. ಹಣ ನಾನು ತುಂಬಿದೆ. ಹನ್ನೊಂದು ದಿನಕ್ಕೆ, ನಮ್ಮಿಂದ ಕರೆನ್ಸಿ ಚೆಸ್ಟಿಗೆ ಹೋದ ಬಂಡಲ್‌ಗಳಲ್ಲಿ ಒಂದರಲ್ಲಿ ಹತ್ತರ ಬದಲು ಹನ್ನೊಂದು ಪ್ಯಾಕೆಟ್ ಇದೆ ಎಂದು ಅಲ್ಲಿಂದ ತಿಳಿಸಿದರು. ಆ ಬಂಡಲ್ ಕಟ್ಟಿ ಚೀಟಿಯ ಮೇಲೆ ಸಹಿ ಹಾಕಿದವನು ನಾನೇ. ಹಣ ನನಗೆ ವಾಪಸು ಬಂತು. ಅಷ್ಟರಲ್ಲಿ ಅವನು ಬೇರೆ ಶಾಖೆಗೆ ವರ್ಗ ಕೇಳಿಕೊಂಡಿದ್ದ. ನಾಳೆ ಹೋಗಿ ಹೇಳಿಬರೋಣ ಎಂದುಕೊಂಡೆ. ಆ ನಾಳೆಗೆ 39 ವರ್ಷವಾಗಿತ್ತು. ಒಮ್ಮೆ ನಿವೃತ್ತರ ಸಭೆಯಲ್ಲಿ ಅವನನ್ನು ದೂರದಿಂದ ಕಂಡು ಕಂಬದ ಮರೆಗೆ ಸರಿದಿದ್ದೆ.

ಹೆಂಡತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಬಳೆ ಬಿಡಿಸ್ಕೊಂಡು ಬಂದ ದಿನ ಮೈಸೂರು ಪಾಕ್ ತಂದಿದ್ರಿ. ಅವರ ಮನೆಗೂ ಒಂದು ಪೊಟ್ಟಣ ತಗೊಂಡು ಹೋಗ್ಬಹುದಿತ್ತಲ್ಲ?" ಅಂದಳು.

ಪುಟ್ಟಿ ಮಾತ್ರ ತನ್ನ ಆಟದ ಯೋಚನೆಯಲ್ಲಿದ್ದಳು. "ತಾತ, 'ಹೇಳು' ಅನ್ನೋ ಪದ ಸೇರಿಸೋಣ. ಎಷ್ಟು ಎಣಿಸಿದ್ರೂ ಆಟ ಮುಗಿಯಲ್ಲ. ಅವನಿಗೆ ನಿಜ ಹೇಳಿದ್ರೆ ಮಾತ್ರ ಬಾಗಿಲು ತೆರೆಯುತ್ತೆ." ಸರಿ ಎಂದೆ. ಆದರೆ ಆ ಕೋಣೆಯಲ್ಲಿ ಅವನು ಏನು ಉತ್ತರ ಕೊಡುತ್ತಾನೆ ಎಂದು ಬರೆಯಬೇಕಲ್ಲ? ಮೂರು ದಿನ ಪೆನ್ನು ಹಿಡಿದು ಕೂತೆ. 'ಪರವಾಗಿಲ್ಲ ಸಾರ್' ಎಂದು ಬರೆದೆ. ಹೊಡೆದುಹಾಕಿದೆ. ಅವನ ಮಾತನ್ನು ಬರೆಯಲು ನಾನ್ಯಾರು?

ಅವನು ಚನ್ನಪಟ್ಟಣದವನು. ರಾಮನಗರದಿಂದ ಹತ್ತು ಹನ್ನೆರಡು ಕಿಲೋಮೀಟರ್. ಬಸ್ಸಿನಲ್ಲಿ ಪುಟ್ಟಿ ಪಕ್ಕದಲ್ಲಿದ್ದಳು, ತೊಡೆಯ ಮೇಲೆ ಹೆಂಡತಿ ಕಟ್ಟಿಕೊಟ್ಟ ಮೈಸೂರು ಪಾಕ್. ಮನೆಯ ಮುಂಭಾಗದಲ್ಲೇ ಅವರ ಮಗ ಬೊಂಬೆ ಕಡೆಯುವ ಯಂತ್ರ ಇಟ್ಟುಕೊಂಡಿದ್ದರು. ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತುವಾಗ ಬರುವ ಆ ಕಾದ ವಾಸನೆ ಬೀದಿಗೇ ಬರುತ್ತಿತ್ತು. ಅವರು ಜಗುಲಿಯ ಮೇಲೆ ಕೂತಿದ್ದರು. ನನಗಿಂತ ಎರಡು ವರ್ಷ ದೊಡ್ಡವರು. ಆಗೆಲ್ಲ ನಾನು ಅವರನ್ನು ಏಕವಚನದಲ್ಲೇ ಕೂಗುತ್ತಿದ್ದೆ. ಅವತ್ತು ಬಾಯಿಗೆ ಬಂದದ್ದು, "ಹೇಗಿದ್ದೀರಿ?"

ಬಸ್ಸಿನಲ್ಲಿ ಮನಸ್ಸಿನೊಳಗೇ ಕಟ್ಟಿಕೊಂಡಿದ್ದ ಮಾತೆಲ್ಲ ಕಲಸಿಹೋಯಿತು. ಹನ್ನೊಂದು ಪ್ಯಾಕೆಟ್ಟಿನ ವಿಷಯ ಹೇಗೋ ಹೇಳಿ ಮುಗಿಸಿದೆ. ಅವರು ಕೇಳಿಸಿಕೊಂಡರು.

"ಗೊತ್ತಿತ್ತು ಸಾರ್," ಅಂದರು. "ಸಿಕ್ಕಿದ ವಾರದಲ್ಲೇ ಯಾರೋ ಹೇಳಿದ್ರು. ನೀವು ಬರ್ತೀರ ಅಂತ ಕಾದೆ. ಒಂದೆರಡು ವರ್ಷ ಕಾದೆ. ಆಮೇಲೆ ಬಿಟ್ಟೆ." ಸ್ವಲ್ಪ ಹೊತ್ತು ಬಿಟ್ಟು, "ಆವತ್ತು ಡಬ್ಬಿ ಬಿಚ್ಚಿಸಿದ್ರಲ್ಲ, ಅದರಲ್ಲಿ ಅರ್ಧ ಮುದ್ದೆ ಉಳಿದಿತ್ತು. ಎಲ್ಲಾರೂ ನೋಡಿದ್ರು. ಅದಾದ್ಮೇಲೆ ರಿಟೈರ್ ಆಗೋವರ್ಗೂ ನಾನು ಬ್ಯಾಂಕಿಗೆ ಡಬ್ಬಿ ತರ್ಲಿಲ್ಲ," ಅಂದರು.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಸೊಸೆ ಕಾಫಿ ತಂದರು. ಮೈಸೂರು ಪಾಕ್ ಪೊಟ್ಟಣ ನೋಡಿ ಅವರು ನಕ್ಕರು. "ಈಗ ಸಕ್ಕರೆ ಕಾಯಿಲೆ ಸಾರ್." ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಆದರೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಒಳಗೆ ಕಳಿಸಿದರು.

ಪುಟ್ಟಿ ಲ್ಯಾಪ್‌ಟಾಪ್ ತೆರೆದು ಆಟ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಕೋಣೆ ಓದಿದರು. ಸ್ಟ್ರಾಂಗ್ ರೂಮಿನ ಹತ್ತಿರ ನಿಂತು, "ಇಲ್ಲೊಂದು ತಪ್ಪಿದೆ ಮಗಾ. ಹಿತ್ತಲ ಬಾಗಿಲು ಬಲಗಡೆ ಇರಲಿಲ್ಲ, ಎಡಗಡೆ ಇತ್ತು. ನಿಮ್ಮ ತಾತ ಆ ಕಡೆ ಬರ್ತಾನೇ ಇರಲಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು? ನಾವು ಊಟ ಮಾಡ್ತಿದ್ದಿದ್ದು ಅಲ್ಲೇ," ಅಂದರು. ಆಮೇಲೆ, "ಇನ್ನೊಂದು. ಆವತ್ತು ನಾನು ತಂದಿದ್ದು ಟೀ ಅಲ್ಲ, ಕಾಫಿ," ಎಂದರು.

ಕೊನೆಯ ಕೋಣೆಯ ಉತ್ತರ ಏನಿರಬೇಕು ಎಂದು ಪುಟ್ಟಿಯೇ ಕೇಳಿದಳು. ಅವರು ಸ್ವಲ್ಪ ಯೋಚಿಸಿದರು. "'ಗೊತ್ತಿತ್ತು' ಅಂತ ಬರಿ. ಸಾಕು."

ರಾತ್ರಿ ಮನೆಗೆ ಬಂದು ಕೂತೆವು. ಹಿತ್ತಲ ಬಾಗಿಲನ್ನು ಎಡಕ್ಕೆ ತಂದೆವು. ಹಿಂದಿನ ಕೋಣೆಯ ಪುಟದಲ್ಲೂ ತಿದ್ದಿದೆವು, ಈ ಸಲ ಎರಡೂ ಕಡೆ ತಾಳೆಯಾಯಿತು. ಟೀ ಎಂದಿದ್ದ ಕಡೆಯೆಲ್ಲ ಕಾಫಿ ಎಂದು ಮಾಡಿದೆವು, ಏಳು ಕಡೆ ಇತ್ತು. ಪುಟ್ಟಿ ಆಟವನ್ನು ಮೊದಲಿನಿಂದ ಆಡಿದಳು. ಎಣಿಸಿದಳು, ಎಣಿಸಿದಳು, ಕೊನೆಗೆ 'ಹೇಳು' ಎಂದು ಟೈಪ್ ಮಾಡಿದಳು. 'ಗೊತ್ತಿತ್ತು' ಎಂದು ಬಂತು. ಗಡಿಯಾರ ನೋಡಿದರೆ ಆರೂ ನಲವತ್ತೊಂದು.

"ಭಯ ಆಯ್ತಾ ತಾತ?" ಎಂದು ಕೇಳಿದಳು.

"ಆಯ್ತು ಕಣಮ್ಮ," ಅಂದೆ. "ಈಗ ಮಲಕ್ಕೋ."